ಗುಡ್ಡಕ್ಕೆ ಬೆಂಕಿ ಬಿದ್ದರೂ ಗುರಿ ತಪ್ಪದಿರಲು 11 ಸೂತ್ರಗಳು

ಫೆಬ್ರವರಿ ಕಾಲಿಟ್ಟಿತೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಎರಡು ಸೀಸನ್ ಒಟ್ಟಿಗೇ ಶುರು. ಒಂದು ಪರೀಕ್ಷೆಯದು, ಇನ್ನೊಂದು ಬೆಂಕಿಯದು. ಪಿಯುಸಿ, ಎಸ್ಸೆಸ್ಸೆಲ್ಸಿ ಟೈಮ್‌ಟೇಬಲ್ ಗೋಡೆಗೆ ಅಂಟಿಸುವ ಹೊತ್ತಿಗೆ ಕಾವಲಿನ ಹುಲ್ಲು ಒಣಗಿ ಕರಡವಾಗಿರುತ್ತದೆ. ಗುಡ್ಡದ ಬಾದೆ ಹುಲ್ಲು ಮುಟ್ಟಿದರೆ ಮುರಿಯುವಂತಿರುತ್ತದೆ. ಶೇಂಗಾ ಹೊಟ್ಟು, ಜೋಳದ ಸೊಪ್ಪೆ, ರಾಗಿ ಹುಲ್ಲು ಹಿತ್ತಲಲ್ಲಿ ಬಣವೆಯಾಗಿ ನಿಂತಿರುತ್ತವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮವೂ ಇವೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಬಿದ್ದರೆ ಅದೇ ಹೆಚ್ಚು. ಹಾಗಾಗಿ ಇಲ್ಲಿ ಬೇಸಿಗೆ ಅಂದರೆ ಒಣಗಿದ್ದೆಲ್ಲ ಇಂಧನ.

ನೀವು ಪರೀಕ್ಷೆಗೆ ಓದುತ್ತಿರಬಹುದು, ಬ್ಯಾಂಕಿನಲ್ಲೋ ಕಂಪನಿಯಲ್ಲೋ ಕೆಲಸ ಮಾಡುತ್ತಾ ಪ್ರಮೋಷನ್‌ಗೆ ಕಣ್ಣಿಟ್ಟಿರಬಹುದು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಮನೆಯ ಬಣವೆ ಸುಟ್ಟುಹೋದರೆ ನಿಮ್ಮ ಫೀಸು, ನಿಮ್ಮ ಕೋಚಿಂಗ್, ನಿಮ್ಮ ತಂಗಿಯ ಹಾಸ್ಟೆಲ್ ಬಿಲ್ಲು ಎಲ್ಲದಕ್ಕೂ ಅದರ ಬಿಸಿ ತಟ್ಟುತ್ತದೆ. ಅದಕ್ಕೇ ಬೆಂಕಿಯ ವಿಷಯವನ್ನು ಅಪ್ಪನ ತಲೆನೋವು ಅಂತ ಬಿಡಬೇಡಿ. ಅದನ್ನೂ ಒಂದು ಪ್ರಾಜೆಕ್ಟ್ ಮಾಡಿಕೊಳ್ಳಿ. ಪ್ಲ್ಯಾನ್, ಡೆಡ್‌ಲೈನ್, ಚೆಕ್‌ಲಿಸ್ಟ್ ಇರಲಿ. ಶಿವರಾತ್ರಿಗೆ ಮೊದಲು ಮುಗಿಸಿ.

1. "ನಮ್ಮೂರಿಗೆ ಬರಲ್ಲ ಬಿಡು" ಅನ್ನುವುದನ್ನು ಬಿಡಿ

ಇದು ನಂಬಿಕೆಯಲ್ಲ, ಅಭ್ಯಾಸ. ಅಭ್ಯಾಸವನ್ನು ತಿದ್ದಿಕೊಳ್ಳಬಹುದು. ಕಾಡಿನ ಬೆಂಕಿ ಅಂದರೆ ಬಂಡೀಪುರ, ಚಿಕ್ಕಮಗಳೂರು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ಅದನ್ನು ಟಿವಿಯಲ್ಲಿ ನೋಡಿದವರಿಗೆ ನಮ್ಮ ಕುರುಚಲು ಗುಡ್ಡ ಕಾಡೇ ಅಲ್ಲ ಅನ್ನಿಸುತ್ತದೆ. ತಪ್ಪು ಲೆಕ್ಕ. ದಪ್ಪ ಮರಕ್ಕಿಂತ ತೆಳು ಹುಲ್ಲಿಗೆ ಬೇಗ ಬೆಂಕಿ ಹತ್ತುತ್ತದೆ, ಬೇಗ ಓಡುತ್ತದೆ. ಬೆಳಿಗ್ಗೆಯ ಇಬ್ಬನಿ ಆರಿದ ಒಂದೆರಡು ಗಂಟೆಯಲ್ಲಿ ಹುಲ್ಲು ಮತ್ತೆ ಸುಡಲು ರೆಡಿ. ನಮ್ಮ ಊರುಗಳಿಗೆ ಹೆಲಿಕಾಪ್ಟರ್ ಬರುವುದಿಲ್ಲ. ನೀವೇ ಬರಬೇಕು.

"ನಾನೊಬ್ಬ ಮಾಡಿದರೆ ಏನಾದೀತು" ಅನ್ನುವುದೂ ಅದೇ ಜಾತಿಯ ಅನುಮಾನ. ನಿಮ್ಮ ಮನೆಯ ಸುತ್ತ ಹುಲ್ಲು ಇಲ್ಲದಿದ್ದರೆ ಅಷ್ಟು ಜಾಗದಲ್ಲಿ ಬೆಂಕಿ ನಿಲ್ಲುತ್ತದೆ. ಲೆಕ್ಕ ಅಷ್ಟೇ.

2. ಊರಿನ ಫೈರ್ ಮ್ಯಾಪ್ ಬರೆಯಿರಿ

ಒಂದು ಎ4 ಹಾಳೆ ತೆಗೆದುಕೊಳ್ಳಿ. ಮಧ್ಯದಲ್ಲಿ ನಿಮ್ಮ ಮನೆ. ಸುತ್ತ ನಾಲ್ಕು ಸಂಗತಿ ಗುರುತಿಸಿ: ಒಣಹುಲ್ಲು ಎಲ್ಲೆಲ್ಲಿದೆ, ಗುಡ್ಡ ಯಾವ ಕಡೆ ಏರುತ್ತದೆ, ಮಧ್ಯಾಹ್ನದ ಗಾಳಿ ಎಲ್ಲಿಂದ ಬೀಸುತ್ತದೆ, ಊರಿಂದ ಹೊರಹೋಗುವ ದಾರಿ ಎಷ್ಟಿವೆ. ದಾರಿ ಒಂದೇ ಇದ್ದರೆ ಕೆಂಪು ಪೆನ್ನಿನಲ್ಲಿ ಬರೆಯಿರಿ.

ಗಾಳಿಯನ್ನು ಹಗುರವಾಗಿ ನೋಡಬೇಡಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಇಳಿಜಾರನ್ನಂತೂ ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ತೆವಳುತ್ತದೆ. ಏರು 10 ಡಿಗ್ರಿ ಹೆಚ್ಚಾದರೆ ವೇಗ ಸುಮಾರು ದುಪ್ಪಟ್ಟು ಎಂಬುದು ಬೆಂಕಿ ನಂದಿಸುವವರ ರೂಢಿಯ ಲೆಕ್ಕ. ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ, ಅದೇ ಕಾರಣ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಬೆಂಕಿಗೆ ಸಿಕ್ಕಿ ಸತ್ತದ್ದು ಇಂಥ ಹುಲ್ಲಿನ ಇಳಿಜಾರಿನಲ್ಲೇ. ನುಂಕೆಮಲೆಗೋ ಜಟಿಂಗ ರಾಮೇಶ್ವರಕ್ಕೋ ಗೆಳೆಯರ ಜೊತೆ ಹತ್ತುವ ಪ್ಲ್ಯಾನ್ ಇದ್ದರೆ ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರುವ ಮೊದಲು ಇಳಿಯಿರಿ. ಕೆಳಗೆ ಹೊಗೆ ಕಂಡರೆ ಸೆಲ್ಫಿಗೆ ನಿಲ್ಲಬೇಡಿ.

ಮ್ಯಾಪಿನಲ್ಲಿ ಇನ್ನೊಂದು ಗುರುತು ಹಾಕಿ: ಈ ವರ್ಷ ದನ ಕುರಿ ಮೇಯದ ಜಾಗ. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲಿನ ಸುಮಾರು 10,000 ಎಕರೆ ಡಿಆರ್‌ಡಿಒ, ಐಐಎಸ್‌ಸಿ, ಬಾರ್ಕ್, ಇಸ್ರೊ ಮುಂತಾದ ಸಂಸ್ಥೆಗಳಿಗೆ ಹೋಗಿ, ಗೋಡೆ ಬೇಲಿ ಎದ್ದ ಕಥೆ ನಿಮಗೆ ಗೊತ್ತೇ ಇದೆ. ಅದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಆದರೆ ದನ ಮೇಯದ ಕಡೆ ಹುಲ್ಲು ಉದ್ದ ಬೆಳೆಯುತ್ತದೆ, ಉದ್ದ ಹುಲ್ಲಿನ ಜ್ವಾಲೆಯೂ ಉದ್ದ. ನಿಮ್ಮ ಹೊಲ ಅಂಥ ಜಾಗದ ಅಂಚಿನಲ್ಲಿದ್ದರೆ ನಿಮ್ಮ ತಯಾರಿ ಉಳಿದವರಿಗಿಂತ ಒಂದು ಕೈ ಮೇಲಿರಲಿ.

3. ಬಣವೆಯನ್ನು ಫಿಕ್ಸೆಡ್ ಡೆಪಾಸಿಟ್ ಅಂತ ನೋಡಿ

ಎಲ್ಲ ದುಡ್ಡನ್ನೂ ಒಂದೇ ಕಡೆ ಇಡುವವನನ್ನು ನೀವು ಜಾಣ ಅನ್ನುತ್ತೀರಾ? ಹಾಗಿದ್ದರೆ ಇಡೀ ವರ್ಷದ ಮೇವನ್ನು ಒಂದೇ ಬಣವೆಗೆ ಯಾಕೆ ಒಟ್ಟುತ್ತೀರಿ? ಎರಡು ಮಾಡಿ. ಸಾಧ್ಯವಾದರೆ ಮೂರು ಮಾಡಿ. ಒಂದಕ್ಕೆ ಕಿಡಿ ಬಿದ್ದರೂ ಇನ್ನೊಂದು ಉಳಿಯುವಷ್ಟು ಅಂತರ ಕೊಡಿ.

ಜಾಗ ಆರಿಸುವಾಗ ಮೊದಲು ತಲೆ ಎತ್ತಿ ನೋಡಿ. ಮೇಲೆ ಕರೆಂಟಿನ ತಂತಿ ಹಾದುಹೋಗಿದೆಯೇ? ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರವಿದೆಯೇ? ಇದ್ದರೆ ಅಲ್ಲಿ ಬೇಡ. ಗಾಳಿಗೆ ಎರಡು ತಂತಿ ಒಂದಕ್ಕೊಂದು ತಾಗಿದರೆ ಉದುರುವ ಕಿಡಿ ಸಾಕು. ಆಮೇಲೆ ತಲೆ ತಗ್ಗಿಸಿ ನೋಡಿ. ಬಣವೆಯ ಸುತ್ತ ಹತ್ತು ಹನ್ನೆರಡು ಅಡಿ ನೆಲ ಬರಿದಾಗಿರಬೇಕು. ಎತ್ತು ಇದ್ದರೆ ಕುಂಟೆ ಹೊಡೆಸಿ, ಇಲ್ಲದಿದ್ದರೆ ಗುದ್ದಲಿ ಹಿಡಿಯಿರಿ. ಮಣ್ಣು ಕಾಣುವವರೆಗೆ ಕೆರೆಯಿರಿ. ಒಂದು ಭಾನುವಾರದ ಬೆಳಗಿನ ಕೆಲಸ. ಇಡೀ ಬೇಸಿಗೆ ನಿದ್ದೆ ಬರುತ್ತದೆ.

ಮನೆಗೂ ಇದೇ ನಿಯಮ. ಗೋಡೆಯ ಪಕ್ಕ ಸೌದೆ, ಬೆರಣಿ, ತೆಂಗಿನ ಗರಿ ಜೋಡಿಸಿಟ್ಟಿದ್ದರೆ ತೆಗೆಯಿರಿ. ಶೆಡ್ಡಿನ ಮೇಲೆ, ಹೆಂಚಿನ ಸಂದಿಯಲ್ಲಿ ಬಿದ್ದ ಬೇವಿನ ಎಲೆ, ಜಾಲಿ ಕಸ ಗುಡಿಸಿ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಾವಿರಾರು ಮನೆ ಸುಟ್ಟದ್ದನ್ನು ನೋಡಿದಿರಿ. ಅಂಥ ಬೆಂಕಿಯಲ್ಲಿ ಬಹಳಷ್ಟು ಮನೆಗಳಿಗೆ ಕುತ್ತು ತರುವುದು ನೇರ ಜ್ವಾಲೆಯಲ್ಲ, ಗಾಳಿಯಲ್ಲಿ ಹಾರಿಬಂದ ಕಿಡಿ. ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ, ನಮಗೇನು ಅನ್ನುವವರು ಕಿಟಕಿಯ ಪಕ್ಕ ಒಟ್ಟಿರುವ ಶೇಂಗಾ ಹೊಟ್ಟಿನ ಚೀಲ ಎಣಿಸಿಕೊಳ್ಳಲಿ.

ಬಣವೆಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷ ದುಡ್ಡು ಕೊಟ್ಟರೂ ಮೇವು ಸಿಗುವುದಿಲ್ಲ. ಮ್ಯಾಸ ಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ಕೇಳಿ ನೋಡಿ. ಊರೂರು ತಿರುಗಿ ದಾನಿಗಳಿಂದ ತಂದ ಒಂದು ಲೋಡು ಹುಲ್ಲಿನ ಬೆಲೆ ಏನು ಅಂತ ಅವರಿಗೆ ಗೊತ್ತು.

4. ಹುಲ್ಲಿನ ಲೋಡು ಕಟ್ಟುವಾಗ ಎತ್ತರ ನೋಡಿ

ಬೇಸಿಗೆಯಲ್ಲಿ ಪೇಪರ್ ತೆರೆದರೆ ಆಗಾಗ ಕಾಣುವ ಸುದ್ದಿ: ವಿದ್ಯುತ್ ತಂತಿ ತಗುಲಿ ಹುಲ್ಲಿನ ಟ್ರ್ಯಾಕ್ಟರ್ ಭಸ್ಮ. ಇನ್ನೊಂದು ಟ್ರಿಪ್ ಉಳಿಸಲು ಹೋಗಿ ಟ್ರೇಲರ್ ಮೇಲೆ ಮತ್ತೊಂದು ಸುತ್ತು ಏರಿಸುತ್ತೇವೆ. ಊರ ಮುಂದೆ ತಂತಿ ಜೋತುಬಿದ್ದಿರುವುದು ಗೊತ್ತಿದ್ದೂ ಅದರ ಕೆಳಗೇ ಹೋಗುತ್ತೇವೆ. ಡ್ರೈವರ್‌ಗೆ ಹಿಂದೆ ಹೊತ್ತಿರುವುದು ತಿಳಿಯುವುದೇ ಯಾರೋ ಕೂಗಿದ ಮೇಲೆ.

ಲೋಡು ತಗ್ಗಿಸಿ. ಎರಡು ಟ್ರಿಪ್ ಹೊಡೆಯಿರಿ. ಜೋತುಬಿದ್ದ ತಂತಿಯ ಫೋಟೊ ತೆಗೆದು ಬೆಸ್ಕಾಂ ಲೈನ್‌ಮನ್‌ಗೆ ಕಳಿಸಿ, 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಇಲ್ಲದ ದೂರು ಗಾಳಿಮಾತು. ಲೋಡಿಗೆ ಬೆಂಕಿ ಹತ್ತಿದರೆ ಊರೊಳಗೆ ನುಗ್ಗಬೇಡಿ, ಬಯಲಿಗೆ ತಿರುಗಿಸಿ. ಸಮಯವಿದ್ದರೆ ಟ್ರೇಲರ್ ಬಿಚ್ಚಿ ಎಂಜಿನ್ ಮುಂದಕ್ಕೆ ತನ್ನಿ. ಸಮಯ ಇಲ್ಲದಿದ್ದರೆ ಇಳಿದು ಓಡಿ. ಟ್ರ್ಯಾಕ್ಟರ್ ಮತ್ತೆ ಸಾಲಕ್ಕೆ ಸಿಗುತ್ತದೆ.

ಹಾಗೇ ಒಂದು ಮಾತು. ರಸ್ತೆಯ ಮೇಲೆ ಹುರುಳಿ ಹಾಸಿ ಒಕ್ಕಣೆ ಮಾಡುವುದನ್ನು ಈ ವರ್ಷವಾದರೂ ನಿಲ್ಲಿಸಿ. ಹುರುಳಿ ಬಳ್ಳಿ ಕಾರಿನ ಅಡಿ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದರೆ ಒಳಗೆ ಕುಳಿತವರಿಗೆ ಇಳಿಯಲೂ ಟೈಮ್ ಸಿಗದು. ಹೊಲದಲ್ಲಿ ಕಣ ಮಾಡಿ.

5. ಕಡ್ಡಿ ಗೀರುವ ಕೈ ತಡೆಯಿರಿ

ಸಿಡಿಲು ಬಿಟ್ಟರೆ ನಮ್ಮ ಸೀಮೆಯ ಬೆಂಕಿಗೆ ಬೇರೆ ನೈಸರ್ಗಿಕ ಕಾರಣ ಹುಡುಕಬೇಡಿ. ಬೀಡಿ ತುಂಡು, ಬದುವಿನ ಕಸ ಸುಡುವುದು, ಜೇನು ಬಿಡಿಸಲು ಹಾಕಿದ ಹೊಗೆ, ಗುಡ್ಡದ ಗುಡಿಯಲ್ಲಿ ಹಚ್ಚಿಟ್ಟು ಬಂದ ಕರ್ಪೂರ, ಪಾರ್ಟಿ ಮುಗಿಸಿ ಆರಿಸದೆ ಬಂದ ಒಲೆ. ಎಲ್ಲದರ ಹಿಂದೆಯೂ ಒಂದು ಕೈ ಇದೆ. ಕೈ ಇದ್ದರೆ ತಡೆಯಲೂಬಹುದು, ಅದೇ ಒಳ್ಳೆಯ ಸುದ್ದಿ.

"ಹಳೇ ಹುಲ್ಲು ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತೆ" ಅನ್ನುವ ವಾದವನ್ನು ಸ್ವಲ್ಪ ನಿಂತು ನೋಡೋಣ. ಅದು ಪೂರ್ತಿ ಸುಳ್ಳಲ್ಲ. ಬೆಂಕಿ ಬಿದ್ದ ಹುಲ್ಲುಗಾವಲು ಮಳೆ ಬಂದರೆ ಚಿಗುರುತ್ತದೆ, ಹುಲ್ಲಿನ ಬೇರಿಗೆ ಅಷ್ಟು ಬೇಗ ಸಾವಿಲ್ಲ. ಆದರೆ ಆ 'ಮಳೆ ಬಂದರೆ' ಅನ್ನುವುದೇ ನಮ್ಮಲ್ಲಿ ದೊಡ್ಡ ಪ್ರಶ್ನೆ. ಮಾರ್ಚ್‌ನಲ್ಲಿ ಸುಟ್ಟು ಜೂನ್‌ವರೆಗೆ ಕಾಯುವಾಗ ಕುರಿ ಏನು ತಿನ್ನಬೇಕು? ಒಣಗಿ ನಿಂತ ಕರಡವಾದರೂ ಹೊಟ್ಟೆಗೆ ಆಗುತ್ತಿತ್ತು. ಮಳೆ ಗ್ಯಾರಂಟಿ ಇರುವ ಸೀಮೆಯ ಬುದ್ಧಿಯನ್ನು ಬರದ ಸೀಮೆಗೆ ತಂದರೆ ನಷ್ಟವೇ. ಕುರಿ ಕಾಯುವ ಮಾವನೋ ಅಣ್ಣನೋ ಹೀಗೆ ಹೇಳಿದರೆ ಎದುರು ವಾದಿಸಬೇಡಿ. "ಮಾವ, ಮೇ ತಿಂಗಳ ಮೇವಿಗೆ ಏನ್ ಮಾಡ್ತೀಯ?" ಅಂತ ಒಂದೇ ಪ್ರಶ್ನೆ ಕೇಳಿ.

ಜಿಕೆ ಓದುವವರಿಗೆ ಒಂದು ಬೋನಸ್. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು ಎಂಬುದು ನಿಮ್ಮ ನೋಟ್ಸ್‌ನಲ್ಲಿ ಇದ್ದೇ ಇರುತ್ತದೆ. ನೋಟ್ಸ್‌ನಲ್ಲಿ ಇಲ್ಲದ್ದನ್ನು ಕೇಳಿ. ಅದೇ ಅಶೋಕ ಉತ್ತರ ಭಾರತದ ತನ್ನ ಐದನೇ ಸ್ತಂಭ ಶಾಸನದಲ್ಲಿ, ಜೀವಿಗಳಿರುವ ಹೊಟ್ಟನ್ನು ಸುಡಬಾರದು, ವಿನಾಕಾರಣ ಕಾಡಿಗೆ ಬೆಂಕಿ ಇಡಬಾರದು ಎಂದು ಬರೆಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆಯೇ ಸರ್ಕ್ಯುಲರ್ ಹೊರಟಿದೆ, ಜಾರಿ ನಮ್ಮ ಕೈಯಲ್ಲಿದೆ.

ಬೆಂಕಿಯೇ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಭಕ್ತರು ರಾಶಿ ರಾಶಿ ಕೊಬ್ಬರಿ ಸುಡುತ್ತಾರೆ. ಅಲ್ಲಿ ಜಾಗ ಗೊತ್ತು, ಹೊತ್ತು ಗೊತ್ತು, ಸುತ್ತ ಸಾವಿರ ಕಣ್ಣು. ನೀವು ಬದುವಿನಲ್ಲಿ ಒಬ್ಬರೇ ಹಚ್ಚುವ ಬೆಂಕಿಗೆ ಈ ಮೂರೂ ಇಲ್ಲ. ಕಸ ಸುಡುವ ಬದಲು ತಿಪ್ಪೆಗೆ ಹಾಕಿ, ಗೊಬ್ಬರವಾಗುತ್ತದೆ.

ಕಾನೂನೂ ತಿಳಿದಿರಲಿ. ಬೆಂಕಿಯ ವಿಷಯದಲ್ಲಿ ಬೇಜವಾಬ್ದಾರಿ ತೋರಿಸಿ ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು. ಬೇಕೆಂದೇ ಸುಟ್ಟರೆ ಶಿಕ್ಷೆ ಇನ್ನೂ ದೊಡ್ಡದು. ಮೀಸಲು ಅರಣ್ಯವಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಬರುತ್ತದೆ. ಸರ್ಕಾರಿ ನೌಕರಿಗೆ ಸೇರುವಾಗ ಪೊಲೀಸ್ ವೆರಿಫಿಕೇಷನ್ ಇರುತ್ತದೆ, ಮರೆಯಬೇಡಿ.

6. ಫೋನನ್ನು ಕೆಲಸಕ್ಕೆ ಹಚ್ಚಿ

ರೀಲ್ಸ್ ಆಮೇಲೆ ನೋಡಿ. ಮೊದಲು ಈ ನಂಬರುಗಳನ್ನು ಸೇವ್ ಮಾಡಿ: ತುರ್ತಿಗೆ 112, ಅಗ್ನಿಶಾಮಕಕ್ಕೆ 101, ಅರಣ್ಯ ಸಹಾಯವಾಣಿ 1926, ಆಂಬುಲೆನ್ಸ್ 108, ಬೆಸ್ಕಾಂ 1912. ಜೊತೆಗೆ ನಿಮ್ಮ ಪಂಚಾಯಿತಿಯ ನೀರುಗಂಟಿ, ಲೈನ್‌ಮನ್, ಟ್ಯಾಂಕರ್ ಇರುವವರು. ಅನುಭವದಲ್ಲಿ ಮೊದಲು ಬರುವವರು ಈ ಕೊನೆಯ ಮೂವರೇ.

ಉಪಗ್ರಹ ಉಚಿತವಾಗಿ ನಿಮಗೆ ಕೆಲಸ ಮಾಡಲು ರೆಡಿ ಇದೆ. ಭಾರತೀಯ ಅರಣ್ಯ ಸಮೀಕ್ಷೆಯ 'ವನ ಅಗ್ನಿ' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಬೆಂಕಿಯ ಅಲರ್ಟ್ ಬರುತ್ತದೆ. ನಾಸಾದ 'ಫರ್ಮ್ಸ್' ಮ್ಯಾಪ್‌ನಲ್ಲಿ ನಿಮ್ಮ ಸೀಮೆಯನ್ನು ಆರಿಸಿಕೊಂಡರೆ ಇಮೇಲ್ ಬರುತ್ತದೆ. ಆದರೆ ಅದರ ಮಿತಿ ಗೊತ್ತಿರಲಿ. ವಿಐಐಆರ್‌ಎಸ್ ಎಂಬ ಸೆನ್ಸರ್‌ನ ಒಂದು ಚುಕ್ಕೆ ಅಂದರೆ 375 ಮೀಟರ್ ಜಾಗ. ಅದು ನಮ್ಮ ತಲೆಯ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಹತ್ತಿ ಅರ್ಧ ಗಂಟೆಯಲ್ಲಿ ಮುಗಿಯುವ ಹುಲ್ಲಿನ ಬೆಂಕಿ ಅದಕ್ಕೆ ಕಾಣುವುದೇ ಇಲ್ಲ. ಮೊದಲ ಅಲಾರ್ಮ್ ನಿಮ್ಮ ಕಣ್ಣು.

ಊರಿನ ವಾಟ್ಸ್ಆ್ಯಪ್ ಗ್ರೂಪ್‌ಗೆ ಒಂದು ಫಾರ್ಮ್ಯಾಟ್ ಹಾಕಿಕೊಡಿ. ಎಲ್ಲಿ, ಯಾವ ಕಡೆ ಹೋಗುತ್ತಿದೆ, ದಾರಿ ಯಾವುದು, ಯಾರಿಗೆ ಫೋನ್ ಮಾಡಿ ಆಗಿದೆ. ಉದಾಹರಣೆಗೆ: "ಹಳೇ ಕ್ವಾರಿ ಹಿಂದಿನ ಗುಡ್ಡ. ಗಾಳಿ ಊರ ಕಡೆ. ಕೆರೆ ದಾರಿ ಕ್ಲಿಯರ್. 112ಕ್ಕೆ ಹೇಳಿದೆ." ಇಷ್ಟು ಸಾಕು. ಲೊಕೇಶನ್ ಹಾಕಿ. ಕೈ ಮುಗಿಯುವ ಎಮೋಜಿ ಬೇಡ, ಹೋದ ವರ್ಷದ ವಿಡಿಯೊ ಅಂತೂ ಬೇಡವೇ ಬೇಡ.

7. ಮಾರ್ಕ್ಸ್ ಕಾರ್ಡನ್ನು ಟ್ರಂಕಿನಿಂದ ಹೊರಗೆ ತನ್ನಿ

ಹತ್ತು ವರ್ಷದ ಓದು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಅಟ್ಟಕ್ಕೆ ಸೇರಿಸಿದ್ದೀರಿ. ಇಳಿಸಿ. ಮಾರ್ಕ್ಸ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡ್ ಎಲ್ಲ ಸ್ಕ್ಯಾನ್ ಮಾಡಿ ಇಮೇಲ್‌ಗೆ ಹಾಕಿ. ಡಿಜಿಲಾಕರ್ ತೆರೆಯಿರಿ. ಮೂಲ ಪ್ರತಿಗಳು ಒಂದೇ ಬ್ಯಾಗಿನಲ್ಲಿ, ಬಾಗಿಲ ಹತ್ತಿರ. ಮೊಳಕಾಲ್ಮುರಿನ ನೇಕಾರರ ಮನೆಯಾದರೆ ಮಗ್ಗ, ನೂಲಿನ ಸ್ಟಾಕು, ಮುಗಿದ ಸೀರೆಗಳ ಫೋಟೊ ತಿಂಗಳಿಗೊಮ್ಮೆ ತೆಗೆದಿಡಿ. ನಷ್ಟ ತೋರಿಸಲು ಫೋಟೊಗಿಂತ ಸುಲಭದ ಸಾಕ್ಷಿ ಇಲ್ಲ.

8. ಹೊಗೆಯ ದಿನಕ್ಕೂ ಒಂದು ಟೈಮ್‌ಟೇಬಲ್ ಇರಲಿ

ಹೊಗೆ ಕಂಡ ಕೂಡಲೇ ಪುಸ್ತಕ ಮುಚ್ಚಿ ಮಾಳಿಗೆ ಹತ್ತುವುದು, ಸಂಜೆವರೆಗೆ ಅದೇ ಮಾತು. ಹೀಗೆ ಒಂದು ದಿನ ಕಳೆದರೆ ಒಂದು ಚಾಪ್ಟರ್ ಹೋಯಿತು. ಬೆಂಕಿ ದೂರದಲ್ಲಿದ್ದು ಗಾಳಿ ಬೇರೆ ಕಡೆ ಬೀಸುತ್ತಿದ್ದರೆ ಒಬ್ಬರು ಕಣ್ಣಿಡಲಿ, ಉಳಿದವರು ಓದಲಿ. ಸರದಿ ಮಾಡಿಕೊಳ್ಳಿ.

ಹೊಗೆ ಬರುವ ಕಡೆಯ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ಇಡಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್. ಟವೆಲ್ ಕಟ್ಟಿಕೊಂಡರೆ ಬೂದಿ ತಡೆಯಬಹುದು, ಹೊಗೆಯ ಸಣ್ಣ ಕಣ ತಡೆಯದು. ಆಸ್ತಮಾ ಇರುವ ಅಜ್ಜಿ, ಸಣ್ಣ ಮಕ್ಕಳನ್ನು ಮೊದಲೇ ಬೇರೆ ಬೀದಿಯ ನೆಂಟರ ಮನೆಗೆ ಕಳಿಸಿ. ಬೆಂಕಿ ಹತ್ತಿರ ಬಂದರೆ ಲೈನ್ ಆಫ್ ಮಾಡುತ್ತಾರೆ, ಅದು ಸರಿಯೇ. ಪವರ್‌ಬ್ಯಾಂಕ್, ಚಾರ್ಜಿಂಗ್ ಲೈಟು ಸದಾ ತುಂಬಿರಲಿ.

ಪರೀಕ್ಷೆಯ ದಿನ ಹಾಲ್ ಟಿಕೆಟ್‌ನ ಎರಡು ಪ್ರತಿ. ಹೆದ್ದಾರಿಗೆ ಸೇರುವ ಇನ್ನೊಂದು ದಾರಿ ಗೊತ್ತಿರಲಿ. ಬಸ್ಸು ತಪ್ಪಿದರೆ ಯಾರ ಬೈಕು ಅಂತ ಹಿಂದಿನ ರಾತ್ರಿಯೇ ಮಾತಾಡಿ. ಹೊಗೆ ತುಂಬಿದ ರಸ್ತೆಗೆ ಬೈಕ್ ನುಗ್ಗಿಸಬೇಡಿ.

9. ಹಗ್ಗದ ಗಂಟು ಬದಲಿಸಿ

ಕೊಟ್ಟಿಗೆಗೆ ಬೆಂಕಿ ಬಿದ್ದಾಗ ದನಗಳು ಸಾಯುವುದು ಕಟ್ಟಿಹಾಕಿದ್ದರಿಂದ. ಎಳೆದರೆ ಬಿಚ್ಚುವ ಗಂಟು ಹಾಕಿ. ಗೂಟದ ಹತ್ತಿರ ಒಂದು ಕುಡುಗೋಲು ನೇತುಹಾಕಿ, ಗಂಟು ಬಿಚ್ಚದಿದ್ದರೆ ಕತ್ತರಿಸಿ. ಕುರಿ ರೊಪ್ಪದ ಜಾಲಿ ಮುಳ್ಳಿನ ಬೇಲಿ ತೋಳ ಚಿರತೆಗೆ ತಡೆ, ಬೆಂಕಿಗೆ ಸೌದೆ. ಗಾಳಿ ಬರುವ ಕಡೆಗೆ ಒಂದು, ಅದರ ಎದುರಿಗೆ ಒಂದು, ಹೀಗೆ ಎರಡು ಬಾಗಿಲು ಇಡಿ. ಮರಿಗಳನ್ನು ಕೂಡುವ ಗೂಡು ರೊಪ್ಪದ ಮೂಲೆಯಲ್ಲಿದ್ದರೆ ಬಾಗಿಲ ಹತ್ತಿರಕ್ಕೆ ತನ್ನಿ. ಗುಡ್ಡ ಸುಟ್ಟಾಗ ಕರಡಿ ಕೆಳಗಿಳಿಯುವುದುಂಟು. ಪಕ್ಕದ ಕೂಡ್ಲಿಗಿ ಸೀಮೆಯ ಗುಡೇಕೋಟೆ ಕರಡಿಧಾಮ ಮೊಳಕಾಲ್ಮುರಿಗೆ ದೂರವೇನಿಲ್ಲ. ಆ ರಾತ್ರಿ ಹೊಲಕ್ಕೆ ಒಬ್ಬರೇ ನೀರು ಕಟ್ಟಲು ಹೋಗಬೇಡಿ.

10. ಹೀರೋ ಆಗಬೇಡಿ, ಟೀಮ್ ಆಗಿ

ಈ ಸೂತ್ರವನ್ನು ಎರಡು ಸಲ ಓದಿ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಬಳಿ, ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಜೀವ ಕಳೆದುಕೊಂಡರು. ಅವರದ್ದು ಅದೇ ಕೆಲಸ, ಅದೇ ಅನುಭವ. ನಿಮ್ಮದು ಉತ್ಸಾಹ ಮಾತ್ರ.

ಮೊದಲು ಫೋನ್, ಆಮೇಲೆ ಸೊಪ್ಪು. ಬೆಂಕಿ ನಿಮ್ಮ ಮೊಣಕಾಲಿಗಿಂತ ಎತ್ತರ ಇದ್ದರೆ ಹತ್ತಿರ ಹೋಗುವ ಮಾತೇ ಬೇಡ. ಕಡಿಮೆ ಇದ್ದರೆ ನಾಲ್ಕಾರು ಜನ ಸೇರಿ, ಹೊಂಗೆ ಅಥವಾ ಬೇವಿನ ಹಸಿ ಕೊಂಬೆ, ಒದ್ದೆ ಗೋಣಿಚೀಲ ಹಿಡಿಯಿರಿ. ಎದುರಿಗೆ ಹೋಗಬೇಡಿ. ಸುಟ್ಟು ಕಪ್ಪಾದ ಕಡೆಯಿಂದ ಒಳಹೊಕ್ಕು ಪಕ್ಕದಿಂದ ಬಡಿಯುತ್ತಾ ಮುಂದೆ ಸಾಗಿ. ಕೊಂಬೆಯನ್ನು ಎತ್ತಿ ಬೀಸಿ ಹೊಡೆದರೆ ಕಿಡಿ ಹಾರಿ ಹಿಂದೆ ಹೊಸ ಬೆಂಕಿ ಹುಟ್ಟುತ್ತದೆ, ಒತ್ತಿ ಹಿಡಿದು ಉಜ್ಜಿ. ಬೆಂಕಿಯ ಮೇಲಿನ ಇಳಿಜಾರಿನಲ್ಲಿ ಯಾರೂ ನಿಲ್ಲಕೂಡದು. ಒಬ್ಬರು ಬಡಿಯುವ ಕೆಲಸವನ್ನೇ ಮಾಡದೆ ದೂರ ನಿಂತು ಗಾಳಿ ನೋಡಲಿ. ಆ ಒಬ್ಬರು "ಬಿಡ್ರೋ" ಅಂದರೆ ಮರುಮಾತಿಲ್ಲದೆ ಬಿಟ್ಟು ಬನ್ನಿ.

ಬಟ್ಟೆ ಹತ್ತಿಯದ್ದು, ತೋಳು ಪೂರ್ತಿ ಮುಚ್ಚುವಂಥದ್ದು. ಕ್ರಿಕೆಟ್ ಜೆರ್ಸಿ, ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಓಡಬೇಡಿ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಕಾಲಿಗೆ ಶೂ, ಹವಾಯಿ ಚಪ್ಪಲಿಯಲ್ಲ. ಕರೆಂಟಿನ ತಂತಿ ಇರುವ ಕಡೆ ನೀರು ಎರಚಬೇಡಿ, ಮೊದಲು ಲೈನ್ ಆಫ್ ಮಾಡಿಸಿ.

ಯಾರಿಗಾದರೂ ಸುಟ್ಟರೆ ತಣ್ಣೀರು. ಹರಿಯುವ ನೀರಿನಡಿ 20 ನಿಮಿಷ. ಟೂತ್‌ಪೇಸ್ಟ್, ಇಂಕು, ಎಣ್ಣೆ, ಐಸು ಯಾವುದೂ ಬೇಡ. ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಕೈಗೆ ಮೊದಲು ಸಿಗುವುದು ಎಣ್ಣೆಯೇ ಆದರೂ ಬೇಡ. ಶುದ್ಧ ಬಟ್ಟೆ ಹೊದಿಸಿ 108ಕ್ಕೆ ಕರೆ ಮಾಡಿ.

ಇದೆಲ್ಲ ನಿಮಗೆ ಇಷ್ಟವಾಗುತ್ತಿದೆಯೇ? ಹಾಗಾದರೆ ಅದನ್ನೇ ಕರಿಯರ್ ಮಾಡಿಕೊಳ್ಳಿ. ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ, ಅರಣ್ಯ ಇಲಾಖೆಯ ಗಸ್ತು ಅರಣ್ಯ ಪಾಲಕ, ವೀಕ್ಷಕ ಹುದ್ದೆಗಳಿಗೆ ನೇಮಕಾತಿ ನಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ದಿನಗೂಲಿಯ ಮೇಲೆ ಬೆಂಕಿ ಕಾವಲುಗಾರರನ್ನೂ ತೆಗೆದುಕೊಳ್ಳುತ್ತದೆ. ಗುಡ್ಡ ಹತ್ತಿ ಬೆಳೆದವರಿಗೆ ಫಿಸಿಕಲ್ ಟೆಸ್ಟ್ ಹೊಸದೇನಲ್ಲ. ವಿಪತ್ತು ನಿರ್ವಹಣೆಯ 'ಆಪದ ಮಿತ್ರ' ತರಬೇತಿಗೆ ಕರೆ ಬಂದರೆ, ಕಾಲೇಜಿನ ಎನ್ಎಸ್ಎಸ್ ಕ್ಯಾಂಪಿನಲ್ಲಿ ಬೆಂಕಿ ರೇಖೆ ತೆಗೆಯುವ ಕೆಲಸ ಸಿಕ್ಕರೆ ಮೊದಲು ಕೈ ಎತ್ತಿ. ಇಂಟರ್‌ವ್ಯೂನಲ್ಲಿ ಹೇಳಲು ನಿಮ್ಮದೇ ಒಂದು ಕಥೆ ಇರುತ್ತದೆ.

11. ಆರಿದ ಮೇಲೆ ಪೇಪರ್‌ವರ್ಕ್ ಮುಗಿಸಿ

ಆರಿತು ಅಂತ ಮನೆಗೆ ಹೋಗಬೇಡಿ. ಸಗಣಿ, ಮರದ ಮೋಟು, ಬಳ್ಳಾರಿ ಜಾಲಿಯ ಬೊಡ್ಡೆ ಒಳಗೊಳಗೇ ಕನಲುತ್ತಿರುತ್ತವೆ. ರಾತ್ರಿ ಇಬ್ಬರು ಸುತ್ತು ಹಾಕಿ, ಮಣ್ಣು ಮುಚ್ಚಿ, ನೀರು ಹೊಯ್ಯಿರಿ.

ಬೆಳಿಗ್ಗೆ ಕಸ ಬಳಿಯುವ ಮೊದಲು ಫೋಟೊ ತೆಗೆಯಿರಿ. ಅಗ್ನಿಶಾಮಕ ಠಾಣೆಯಿಂದ ವರದಿ ಕೇಳಿ. ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ಮಹಜರು ಮಾಡಿಸಿ, ತಹಶೀಲ್ದಾರರಿಗೆ ಅರ್ಜಿ ಕೊಡಿ. ಪ್ರಾಣಿ ಸತ್ತಿದ್ದರೆ ಪಶುವೈದ್ಯರ ವರದಿ ಬೇಕೇ ಬೇಕು, ಅದಕ್ಕೂ ಮೊದಲು ಹೂಳಬೇಡಿ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಒಂದು ವಿಪತ್ತು. 2022ರಿಂದ 2026ರ ಅವಧಿಯ ಕೇಂದ್ರದ ಮಾರ್ಗಸೂಚಿಯಂತೆ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಮೇಕೆಗೆ 4,000 ನಿಗದಿಯಾಗಿತ್ತು. ಬಣವೆ ಸುಟ್ಟಿದ್ದರೆ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ, ಅದಕ್ಕೂ ಪರಿಹಾರದ ದಾರಿ ಇದೆ. ಅರ್ಜಿಯ ಒಂದು ಪ್ರತಿಗೆ ಸೀಲು ಸಹಿ ಹಾಕಿಸಿಕೊಂಡೇ ಕಚೇರಿಯಿಂದ ಹೊರಬನ್ನಿ.

ಅರ್ಜಿ ಬರೆಯಲು ಬಾರದವರು, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲು ಅಳುಕುವ ಹಿರಿಯರು ಹಟ್ಟಿಯಲ್ಲಿ ಇದ್ದೇ ಇರುತ್ತಾರೆ. ನೀವು ಓದಿದವರು. ಅವರ ಅರ್ಜಿಯನ್ನೂ ನೀವೇ ಬರೆದುಕೊಡಿ, ಜೊತೆಗೆ ಹೋಗಿ ಕೊಟ್ಟು ಬನ್ನಿ.